ತೂಕದ ಯಂತ್ರವಿರುವ ಸ್ನಾನದ ಮನೆ: ಚಿಕ್ಕಮಗಳೂರಿನ ಶ್ವಾನ ಆರೈಕೆ ಕೇಂದ್ರವೊಂದರಲ್ಲಿ ಹದಿನಾಲ್ಕು ತಿಂಗಳು

ನಮ್ಮ ಚೆಲುವಿಯನ್ನು ಈ ಕೇಂದ್ರಕ್ಕೆ ಮೊದಲ ಸಲ ಕರೆದೊಯ್ದದ್ದು ಕಳೆದ ವರ್ಷದ ಜೂನ್ ಕೊನೆಯ ವಾರದಲ್ಲಿ. ಎಂಟು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಮನೆಯೊಳಗೆ ಹಗ್ಗ ಕಟ್ಟಿ ಹರವಿದ್ದ ಬಟ್ಟೆಗಳೇ ಒಣಗದೆ ಮುಗ್ಗಲು ವಾಸನೆ ಹಿಡಿದಿದ್ದವು, ಇನ್ನು ದಟ್ಟ ರೋಮದ ಲ್ಯಾಬ್ರಡಾರ್ ನಾಯಿಯ ಮೈ ಒಣಗುವ ಮಾತೆಲ್ಲಿ ಬಂತು. ಅವಳ ಕಿವಿಯಿಂದ ಹುಳಿ ವಾಸನೆ ಬರತೊಡಗಿತ್ತು, ಬೆರಳುಗಳ ಸಂದನ್ನು ಹಗಲೂ ರಾತ್ರಿ ನೆಕ್ಕುತ್ತಿದ್ದಳು. ನಾಯಿಗಳಿಗೆ ಸ್ನಾನ ಮಾಡಿಸಿ, ಗಾಳಿಯ ಯಂತ್ರದಿಂದ ಮೈ ಒಣಗಿಸಿ ಕೊಡುವ ಜಾಗವೊಂದು ಊರಿನಲ್ಲಿಯೇ ಇದೆ ಎಂದು ಪಕ್ಕದ ಮನೆಯವರು ಹೇಳಿದಾಗ, ಒಮ್ಮೆ ತೊಳೆಸಿಕೊಂಡು ಬಂದರಾಯಿತು ಎಂದಷ್ಟೇ ಎಣಿಸಿ ಹೊರಟೆ. ಅಂದಿನಿಂದ ಈ ಆಗಸ್ಟ್‌ವರೆಗೆ ಹದಿನಾರು ಸಲ ಅಲ್ಲಿಗೆ ಹೋಗಿದ್ದೇನೆ, ಎರಡು ಬಾರಿ ಅವಳನ್ನು ರಾತ್ರಿ ಅಲ್ಲಿಯೇ ಬಿಟ್ಟು ಪರಸ್ಥಳಕ್ಕೆ ಹೋಗಿಬಂದಿದ್ದೇನೆ. ಇಷ್ಟು ದಿನಗಳ ಬಳಕೆಯ ನಂತರ ಬರೆಯುತ್ತಿರುವುದರಿಂದ, ಒಂದು ದಿನದ ಮೆಚ್ಚುಗೆಯೋ ಒಂದು ದಿನದ ಸಿಟ್ಟೋ ಇದರಲ್ಲಿ ಇಲ್ಲವೆಂದು ಓದುಗರು ನಂಬಬಹುದು.

ಕೇಂದ್ರವಿರುವುದು ಊರ ಅಂಚಿನ ಬಡಾವಣೆಯ ಒಂದು ಹಳೆಯ ಹಂಚಿನ ಮನೆಯಲ್ಲಿ. ಜಗಲಿಗೆ ಕಾಲಿಟ್ಟೊಡನೆ ಮೊದಲು ಕೇಳುವುದು ಲಸಿಕೆಯ ಪುಸ್ತಕ. ರೇಬೀಸ್ ಲಸಿಕೆಯ ಮತ್ತು ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳಿಗೆ ಕೊಡುವ ಸಂಯುಕ್ತ ಲಸಿಕೆಯ ಅವಧಿ ಮೀರಿದ್ದರೆ, ಪರಿಚಯದವರಾದರೂ ಜಗಲಿಯಿಂದ ಒಳಗೆ ಬಿಡುವುದಿಲ್ಲ. ಹಲವು ನಾಯಿಗಳು ಸೇರುವ ಜಾಗದಲ್ಲಿ ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿಲ್ಲ. ನಾನು ನೋಡಿದ ಬೇರೆ ಎರಡು ಕಡೆಗಳಲ್ಲಿ ಇದನ್ನು ಬಾಯಿಮಾತಿಗೆ ಕೇಳಿ ಸುಮ್ಮನಾಗುತ್ತಿದ್ದರು. ಪುಸ್ತಕ ನೋಡಿದ ಮೇಲೆ ನಾಯಿಯನ್ನು ತೂಗುತ್ತಾರೆ. ಕಾಫಿ ಮೂಟೆ ತೂಗಲು ಬಳಸುವಂಥದೇ ತಗ್ಗಾದ ತಟ್ಟೆಯ ತೂಕದ ಯಂತ್ರ, ಮೇಲೊಂದು ರಬ್ಬರ್ ಹಾಸು. ಆರು ವರ್ಷದ ಚೆಲುವಿ ಅಂದು ತೂಗಿದ್ದು 37.8 ಕಿಲೊ.

ಕೇಂದ್ರವನ್ನು ನಡೆಸುವ ಹೆಣ್ಣುಮಗಳು ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ನನ್ನ ಎಡಗೈಯನ್ನು ಮುಂದೆ ಚಾಚಲು ಹೇಳಿದರು. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿದರೆ ಎಲುಬು ಹೇಗೆ ಸಿಗುತ್ತದೆಯೋ ಹಾಗೆ ನಾಯಿಯ ಪಕ್ಕೆಲುಬು ಸಿಕ್ಕರೆ ಅದು ಬಡಕಲು. ಕೈ ಬಿಡಿಸಿ ಹಿಂಗೈ ಮೇಲೆ ಬೆರಳಾಡಿಸಿದಾಗ ಸಿಗುವಷ್ಟು ಸಿಕ್ಕರೆ ಸರಿಯಾದ ಮೈಕಟ್ಟು. ಅಂಗೈಯ ದಪ್ಪದಲ್ಲಿ ಎಲುಬು ಹುದುಗಿರುವಂತೆ ಹುದುಗಿದ್ದರೆ ಬೊಜ್ಜು. ಹೀಗೆ ವಿವರಿಸಿ, "ಈಗ ಇವಳ ಪಕ್ಕೆ ಮುಟ್ಟಿ ನೋಡಿ ಅಕ್ಕ" ಎಂದರು. ನಾನು ಮುಟ್ಟಿ ನೋಡಿದೆ. ಆರು ವರ್ಷ ದಿನಕ್ಕೆ ಹತ್ತು ಸಲ ಸವರಿದ ಮೈಯಲ್ಲಿ ಎಲುಬು ಎಲ್ಲಿದೆಯೆಂದು ನಾನು ಹುಡುಕಬೇಕಾಯಿತು. ಹೆಣ್ಣು ಲ್ಯಾಬ್ರಡಾರ್ ಸಾಮಾನ್ಯವಾಗಿ 25ರಿಂದ 32 ಕಿಲೊ ಒಳಗೆ ಇರಬೇಕು ಎಂಬುದು ಆ ದಿನವೇ ನನಗೆ ತಿಳಿದದ್ದು.

ಸ್ನಾನದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಹೋಗುವುದು ಅದಕ್ಕೇ. ನೀರು ಹಾಕುವ ಮುಂಚೆ ಇಪ್ಪತ್ತು ನಿಮಿಷ ಬಾಚುತ್ತಾರೆ. ಮೇಲಿನ ಒರಟು ರೋಮದ ಕೆಳಗೆ ಉಣ್ಣೆಯಂತೆ ಕೂತಿರುವ ಒಳರೋಮದಲ್ಲಿ ಉದುರಿ ಸಿಕ್ಕಿಕೊಂಡದ್ದನ್ನೆಲ್ಲ ಹಲ್ಲು ಅಗಲವಾದ ಬಾಚಣಿಗೆಯಿಂದ ತೆಗೆಯದೆ ಒದ್ದೆ ಮಾಡಿದರೆ ಅದು ಜಮಖಾನೆಯಂತೆ ಗಂಟುಕಟ್ಟಿ ತೇವವನ್ನು ಹಿಡಿದಿಡುತ್ತದೆ. ಕಿವಿಗೆ ಹತ್ತಿ ಇಡುತ್ತಾರೆ, ನೀರನ್ನು ಉಗುರುಬೆಚ್ಚಗೆ ಮಾತ್ರ ಕಾಯಿಸುತ್ತಾರೆ, ನಾಯಿಗಳಿಗೆಂದೇ ತಯಾರಿಸಿದ ಶಾಂಪೂವನ್ನೇ ಹಾಕುತ್ತಾರೆ. ಮನುಷ್ಯರ ಚರ್ಮ ತುಸು ಆಮ್ಲೀಯ, ನಾಯಿಗಳದು ತಟಸ್ಥದ ಹತ್ತಿರ. ನಮ್ಮ ಸೋಪು, ಶಾಂಪೂಗಳನ್ನು ಅವುಗಳಿಗೆ ಹಚ್ಚಿದರೆ ಚರ್ಮ ಒಣಗಿ ಕೆರೆತ ಶುರುವಾಗುವುದು ಇದರಿಂದಲೇ. ನಾನು ವರ್ಷಗಟ್ಟಲೆ ಹಚ್ಚಿದ್ದೆ, ಅವಳು ಕೆರೆದುಕೊಳ್ಳುವಾಗ ಚಿಗಟವಿರಬೇಕೆಂದು ಇನ್ನಷ್ಟು ಹಚ್ಚಿದ್ದೆ. ಒಣಗಿಸುವ ಕೆಲಸದಲ್ಲಿ ಇವರ ತಾಳ್ಮೆ ದೊಡ್ಡದು. ಯಂತ್ರವನ್ನು ಮೈಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಕೊನೆಗೆ ನಾಲ್ಕೂ ಪಾದಗಳ ಬೆರಳು ಸಂದುಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಶಿಲೀಂಧ್ರ ಹಿಡಿಯುವುದು ಅಲ್ಲಿಂದ ಮತ್ತು ಕಿವಿಯಿಂದ. ಎರಡು ತಿಂಗಳಲ್ಲಿ ಅವಳ ಕಿವಿಯ ವಾಸನೆ ಹೋಯಿತು. ಅದಕ್ಕೆ ಪಶುವೈದ್ಯರು ಕೊಟ್ಟ ಹನಿಮದ್ದು ಕಾರಣ, ಅದು ಮರುಕಳಿಸದಿರುವುದಕ್ಕೆ ಈ ಒರೆಸುವಿಕೆ ಕಾರಣ ಎಂದು ನನ್ನ ತಿಳಿವಳಿಕೆ.

ಬೇಸಿಗೆಯಲ್ಲಿ ಲ್ಯಾಬ್ರಡಾರ್‌ಗೆ ಬೋಳು ಹೊಡೆಸಲು ಬಂದವರನ್ನು ಇವರು ಹಿಂದಕ್ಕೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಎರಡು ಪದರದ ರೋಮವು ಬಿಸಿಲನ್ನೂ ತಡೆಯುತ್ತದೆ. ನಾಯಿಗಳು ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದಲೇ ಹೊರತು ನಮ್ಮಂತೆ ಮೈಯೆಲ್ಲ ಬೆವರಿ ಅಲ್ಲ. ಹಣ ಕೊಡಲು ಸಿದ್ಧರಿದ್ದ ಗಿರಾಕಿಗೆ ಹೀಗೆ ಹೇಳಿ ಕಳಿಸುವ ಅಂಗಡಿಯ ಮೇಲೆ ವಿಶ್ವಾಸ ಬರುವುದು ಸಹಜ.

ಇನ್ನು ಆ ತೂಕದ ಚೀಟಿಯ ಸಂಗತಿ. ಪಥ್ಯ ಶುರುಮಾಡುವ ಮುನ್ನ ವೈದ್ಯರಿಗೆ ತೋರಿಸಿ ಬನ್ನಿ ಎಂದು ಅವರೇ ಹೇಳಿದ್ದರು, ಏಕೆಂದರೆ ಥೈರಾಯ್ಡ್ ಕುಂದಿದರೂ ನಾಯಿಗಳು ದಪ್ಪಗಾಗುತ್ತವೆ. ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ ಅಲ್ಲಿನ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ದೋಷವೇನೂ ಇರಲಿಲ್ಲ. ಹಾಗಾದರೆ ದೋಷವಿದ್ದದ್ದು ನಮ್ಮ ಅಡುಗೆಮನೆಯಲ್ಲಿ. ಬೆಳಗಿನ ಅಕ್ಕಿರೊಟ್ಟಿಯಲ್ಲಿ ಒಂದು ಅವಳದು, ಅದಕ್ಕೆ ತುಪ್ಪ. ನಾವು ಕಾಫಿ ಕುಡಿಯುವಾಗ ನಾಲ್ಕು ಬಿಸ್ಕತ್ತು. ಮಧ್ಯಾಹ್ನ ಬಟ್ಟಲು ತುಂಬ ಅನ್ನ ಮೊಸರು. ಸಂಜೆ ಮತ್ತೆ ಬಿಸ್ಕತ್ತು. ರಾತ್ರಿ ಚೀಲದ ನಾಯಿ ಆಹಾರ, ಅದೂ ಅಳತೆಯಿಲ್ಲದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳಿಗೆ ಬೇಕಾಗುವ ಶಕ್ತಿ ಮೊದಲಿಗಿಂತ ಕಡಿಮೆ. ಕೇಂದ್ರದವರು ಮೂವತ್ತು ಕಿಲೊ ಗುರಿಯಿಟ್ಟು ಲೆಕ್ಕ ಹಾಕಿಕೊಟ್ಟರು: ವಿಶ್ರಾಂತಿಯ ಸ್ಥಿತಿಯಲ್ಲಿ ಆ ತೂಕದ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ, ಅದರಲ್ಲಿ ತಿಂಡಿತೀರ್ಥ ಹತ್ತನೆಯ ಒಂದು ಪಾಲನ್ನು ಮೀರಕೂಡದು. ಆ ಲೆಕ್ಕವನ್ನು ವೈದ್ಯರಿಗೂ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಶುರುಮಾಡಿದೆವು. ಆಹಾರವನ್ನು ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತೂಕದ ಯಂತ್ರದಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಎಂದದ್ದೂ ಅವರೇ. ಬಿಸ್ಕತ್ತಿನ ಜಾಗಕ್ಕೆ ಕ್ಯಾರೆಟ್, ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ ಬಂದವು.

ನಮ್ಮ ಅತ್ತೆಯವರಿಗೆ ಇದು ಬಹಳ ನೋವು ಕೊಟ್ಟಿತು. ಚೆಲುವಿ ಅವರ ಕಾಲ ಬುಡದಲ್ಲಿ ಕೂತು ಮುಖ ನೋಡುತ್ತಿದ್ದರೆ, "ಮೂಕ ಪ್ರಾಣಿಯ ಹೊಟ್ಟೆಗೆ ಲೆಕ್ಕ ಇಡ್ತೀರಲ್ಲಮ್ಮ, ಪಾಪ ತಟ್ಟುತ್ತೆ" ಎನ್ನುತ್ತಿದ್ದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಏಕೆಂದರೆ ಆ ನಾಯಿಯ ಹಸಿವು ಸುಳ್ಳಲ್ಲ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹೊಟ್ಟೆ ತುಂಬಿದ ಸೂಚನೆಯನ್ನು ಮಿದುಳಿಗೆ ಮುಟ್ಟಿಸುವ ವಂಶವಾಹಿಯೊಂದರಲ್ಲಿ ಊನವಿದೆ ಎಂಬುದನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ತಿಂದೆದ್ದ ಮೇಲೂ ಹಸಿವೆನ್ನುವ ಪ್ರಾಣಿಗೆ ತಾನಾಗಿ ನಿಲ್ಲಿಸಲು ಬರುವುದಿಲ್ಲ; ನಿಲ್ಲಿಸುವ ಕೆಲಸ ಬಟ್ಟಲು ಹಿಡಿದವರದು. ಅತ್ತೆಯವರ ಮನಸ್ಸು ಬದಲಾದದ್ದು ಮಾತ್ರ ಇನ್ನೊಂದು ಅಧ್ಯಯನದ ವಿವರ ಕೇಳಿ. ನಾಯಿ ಆಹಾರ ತಯಾರಿಸುವ ಪ್ಯುರೀನಾ ಸಂಸ್ಥೆಯವರು 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವನ್ನು ಜೀವನವಿಡೀ ಕೊಟ್ಟು, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯಸ್ಸು 1.8 ವರ್ಷ ಹೆಚ್ಚಾಗಿತ್ತು, ಕೀಲುನೋವಿನಂಥ ಮುಪ್ಪಿನ ರೋಗಗಳೂ ತಡವಾಗಿ ಕಾಣಿಸಿಕೊಂಡವು. ಹನ್ನೊಂದು, ಹನ್ನೆರಡು ವರ್ಷ ಬದುಕುವ ಜೀವಕ್ಕೆ ಹೆಚ್ಚುಕಡಿಮೆ ಎರಡು ವರ್ಷವೆಂದರೆ ಎಷ್ಟು ದೊಡ್ಡ ಪಾಲು ಎಂದು ಅತ್ತೆಯವರೇ ಬೆರಳೆಣಿಸಿ ನೋಡಿದರು. ಮರುದಿನದಿಂದ ರೊಟ್ಟಿ ನಿಂತಿತು. ಈಗ ಅವರು ಸಂಜೆ ಅವಳನ್ನು ಮುಂದೆ ಕೂರಿಸಿಕೊಂಡು ಕಾಲು ಗಂಟೆ ಮೈ ಬಾಚುತ್ತಾರೆ, ಅವಳು ಕಣ್ಣು ಮುಚ್ಚಿ ತೊಡೆಗೆ ತಲೆಯಾನಿಸುತ್ತಾಳೆ.

ನಡಿಗೆಯ ಬಗ್ಗೆ ಕೇಂದ್ರದವರು ಹೆಚ್ಚು ಮಾತಾಡಲಿಲ್ಲ. ಚೀಟಿಯ ಹಿಂಬದಿಯಲ್ಲಿ ದಿನಕ್ಕೆ ಎಷ್ಟು ನಿಮಿಷ ನಡೆದಳು ಎಂದು ಬರೆಯಲು ಗೆರೆ ಹಾಕಿ ಕೊಟ್ಟಿದ್ದರು, ಅಷ್ಟೇ. ಆದರೆ ಖಾಲಿ ಮನೆಗಳುಳ್ಳ ಚೀಟಿಯನ್ನು ಹಿಡಿದು ಮುಂದಿನ ತಿಂಗಳು ಅವರೆದುರು ನಿಲ್ಲುವುದು ನನಗೆ ಆಗಲಿಲ್ಲ. ಮೊದಲ ವಾರ ಹತ್ತು ನಿಮಿಷ, ಅದಕ್ಕೇ ಅವಳು ಕೂತುಬಿಡುತ್ತಿದ್ದಳು. ಡಿಸೆಂಬರ್ ಹೊತ್ತಿಗೆ ಬೆಳಿಗ್ಗೆ ಬಸವನಹಳ್ಳಿ ಕೆರೆಯ ಕಡೆಗೆ ಇಪ್ಪತ್ತೈದು ನಿಮಿಷ, ರಾತ್ರಿ ಊಟವಾದ ಮೇಲೆ ಬಡಾವಣೆಯೊಳಗೆ ಹದಿನೈದು ನಿಮಿಷ ನಿಶ್ಚಿತವಾಯಿತು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ, ಒಂದು ವಾರವೂ ಪಾಲಿಸಿರಲಿಲ್ಲ. ಅವಳಿಗಾಗಿ ನಡೆದ ನಿಮಿಷಗಳನ್ನು ಕೂಡಿಸಿದರೆ ವಾರಕ್ಕೆ 280 ಆಗುತ್ತಿತ್ತು, ಮತ್ತು ಆ ನಿಮಿಷಗಳೆಲ್ಲ ನನ್ನ ಕಾಲುಗಳವೂ ಆಗಿದ್ದವು.

ಇಲ್ಲಿ ನನ್ನ ಸ್ವಂತ ಸಂಗತಿಯನ್ನು ಹೇಳಲೇಬೇಕು. ಅದೇ ಜೂನ್‌ನಲ್ಲಿ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ, 6.2 ಬಂದಿತ್ತು, 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ಚೆಲುವಿಯ ಆಹಾರವನ್ನು ತೂಗುತ್ತಿದ್ದ ಯಂತ್ರ ಒಲೆಯ ಪಕ್ಕದಲ್ಲೇ ಇತ್ತು. ಒಂದು ದಿನ ನನ್ನ ತಟ್ಟೆಯ ಅನ್ನವನ್ನೂ ಅದರ ಮೇಲಿಟ್ಟು ನೋಡಿದೆ. ಕಾಫಿಯ ಜೊತೆಗಿನ ಬಿಸ್ಕತ್ತು ಮನೆಗೇ ಬರುವುದು ನಿಂತದ್ದರಿಂದ ನನಗೂ ನಿಂತಿತು. ರಾತ್ರಿ ಊಟದ ಮೇಲಿನ ಹದಿನೈದು ನಿಮಿಷದ ನಡಿಗೆ ಅವಳ ಜೀರ್ಣಕ್ಕೆಂದು ಶುರುವಾದದ್ದು. ಊಟದ ನಂತರ ನಡೆದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ ಎಂದು ನನ್ನ ವೈದ್ಯರು ಆಮೇಲೆ ಹೇಳಿದರು. ಈ ಜೂನ್‌ನಲ್ಲಿ ನನ್ನ ಅಂಕಿ 5.6, ತೂಕ 71ರಿಂದ 66. ಚೆಲುವಿಯ ಚೀಟಿಯಲ್ಲಿ ಸೆಪ್ಟೆಂಬರ್‌ಗೆ 35.9, ಡಿಸೆಂಬರ್‌ಗೆ 33.8, ಮಾರ್ಚ್‌ಗೆ 31.9, ಈ ಆಗಸ್ಟ್‌ಗೆ 30.4 ಎಂದಿದೆ. ಅವಳೀಗ ಕಾರಿನ ಹಿಂಬದಿಗೆ ತಾನೇ ಹಾರಿ ಹತ್ತುತ್ತಾಳೆ.

ನಾಯಿಯನ್ನು ಹೀಗೆಲ್ಲ ನೋಡಿಕೊಳ್ಳುವುದು ಪೇಟೆಯವರ ಹೊಸ ಶೋಕಿ ಎನ್ನುವವರು ನಮ್ಮ ಬಂಧುಗಳಲ್ಲೇ ಇದ್ದಾರೆ. ಅವರಿಗೆ ನಾನು ಆತಕೂರಿನ ವೀರಗಲ್ಲನ್ನು ನೆನಪಿಸುತ್ತೇನೆ. ಮಂಡ್ಯ ಜಿಲ್ಲೆಯಲ್ಲಿ ಸಿಕ್ಕು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ರ ಆ ಕಲ್ಲು ಕಾಳಿ ಎಂಬ ನಾಯಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಅರಸ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಆ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ, ಅವನು ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ. ಕಾಳಿಗೆ ಓಡುವ ಕೆಲಸವಿತ್ತು, ನಮ್ಮ ನಾಯಿಗಳಿಗೆ ಅದಿಲ್ಲ. ಓಟಕ್ಕೆಂದು ಬೆಳೆದ ಮೈಯನ್ನು ಸೋಫಾದ ಮೇಲೆ ಕೂರಿಸಿ ಬಾಯಿಗೆ ಸಿಹಿ ಇಡುವುದನ್ನೇ ನಾನು ಆರು ವರ್ಷ ಮುದ್ದು ಎಂದುಕೊಂಡಿದ್ದೆ.

ಈ ಕೇಂದ್ರದಲ್ಲಿ ಮಲೆನಾಡಿನವರಿಗೆಂದೇ ಇರುವ ಇನ್ನೊಂದು ಸೇವೆ ಉಣುಗು ಹುಡುಕಿ ತೆಗೆಯುವುದು. ನಮಗೆ ಆಲ್ದೂರಿನ ಹತ್ತಿರ ಸಣ್ಣ ತೋಟವಿದೆ, ಅಲ್ಲಿಗೆ ಹೋಗಿಬಂದಾಗಲೆಲ್ಲ ಅವಳ ಕಿವಿಯ ಮಡಿಕೆಯಲ್ಲಿ, ಕಂಕುಳಲ್ಲಿ, ಬೆರಳ ಸಂದಿನಲ್ಲಿ ಉಣುಗು ಹತ್ತಿರುತ್ತದೆ. ತೋಟದ ಆಳುಗಳು ಸೀಮೆಎಣ್ಣೆ ಹಚ್ಚುವುದನ್ನು ನೋಡಿದ್ದೇವೆ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ವಿಷ. ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯುವುದನ್ನು ಇವರು ನನಗೂ ಕಲಿಸಿಕೊಟ್ಟರು. ಎರ್ಲಿಕಿಯಾ, ಬಬೀಸಿಯಾ ಎಂಬ ಉಣುಗು ಜ್ವರಗಳು ಬಂದರೆ ನಾಯಿ ಮಂಕಾಗಿ, ವಸಡು ಬಿಳಿಚಿಕೊಂಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುತ್ತದೆ. ತಡಮಾಡಿದರೆ ಜೀವಕ್ಕೇ ಅಪಾಯ. ತೋಟದಿಂದ ಬಂದ ನಾಯಿಗೆ ಮೈ ಹುಡುಕಿದ ಮೇಲೆ ನಾವೂ ಕಾಲು, ಸೊಂಟ ನೋಡಿಕೊಂಡು ಬಟ್ಟೆ ಬದಲಿಸುವ ಅಭ್ಯಾಸ ಬಂದಿದೆ. ಮಂಗನ ಕಾಯಿಲೆಯೂ ಉಣುಗಿನಿಂದಲೇ ಹರಡುವ ಈ ಸೀಮೆಯಲ್ಲಿ ಅದು ಬೇಕಾದ ಅಭ್ಯಾಸವೇ.

ಕೊರತೆಗಳನ್ನೂ ಬರೆಯುತ್ತೇನೆ. ಹಣ ಕಟ್ಟುವ ಮೇಜಿನ ಪಕ್ಕದ ಕಪಾಟಿನಲ್ಲಿ ಸಕ್ಕರೆ ಬೆರೆತ ಬಿಸ್ಕತ್ತು, ಬಣ್ಣ ಹಾಕಿದ ಹುಟ್ಟುಹಬ್ಬದ ಕೇಕು, ನಾಯಿಗಳ ಅಂಗಿ, ಪಾದರಕ್ಷೆ ಮಾರುತ್ತಾರೆ. ಬಾಗಿಲಲ್ಲಿ ತೂಗಿ ಪಥ್ಯ ಹೇಳುವವರು ಹೊರಹೋಗುವಾಗ ಅದನ್ನೇ ಮಾರುವುದು ನನಗೆ ಒಪ್ಪಿಗೆಯಾಗಿಲ್ಲ, ಅವರಿಗೆ ಇದನ್ನು ನೇರವಾಗಿ ಹೇಳಿದ್ದೇನೆ. ಪ್ರವಾಸಿಗರು ನಾಯಿಯೊಡನೆ ಬರುವ ಊರಿದು, ಮನೆಯಲ್ಲಿ ತಯಾರಿಸಿದ ಚಾಕೊಲೇಟ್ ಮಾರುವ ಅಂಗಡಿಗಳೂ ಇಲ್ಲಿ ಬಹಳ. ಚಾಕೊಲೇಟ್, ಕಾಫಿ, ದ್ರಾಕ್ಷಿ, ಈರುಳ್ಳಿ ನಾಯಿಗಳಿಗೆ ವಿಷವೆಂಬ ಫಲಕವೊಂದನ್ನು ಆ ಕಪಾಟಿನ ಮೇಲೆ ಹಾಕಿದರೆ ಎಷ್ಟೋ ಉಪಕಾರ. ಸ್ನಾನವಾದ ಮೇಲೆ ಸುಗಂಧ ಸಿಂಪಡಿಸುತ್ತಾರೆ. ನಮ್ಮ ಮೂಗಿಗಿಂತ ಬಹುಪಟ್ಟು ಸೂಕ್ಷ್ಮವಾದ ಮೂಗುಳ್ಳ ಪ್ರಾಣಿಗೆ ಅದು ಹಿಂಸೆ, ಚೆಲುವಿ ಮನೆಗೆ ಬಂದು ನೆಲಕ್ಕೆ ಮುಖ ಉಜ್ಜುತ್ತಿದ್ದಳು. ಬೇಡವೆಂದು ಮುಂಚೆಯೇ ಹೇಳಬೇಕು, ಹೇಳಿದರೆ ಬಿಡುತ್ತಾರೆ. ಒಮ್ಮೆ ಉಗುರು ಕತ್ತರಿಸುವಾಗ ಒಳಗಿನ ಜೀವಭಾಗಕ್ಕೆ ತಗುಲಿ ರಕ್ತ ಬಂತು. ಕಪ್ಪುಗುರಿನ ನಾಯಿಗಳಲ್ಲಿ ಹೀಗಾಗುವುದುಂಟು. ತಕ್ಷಣ ರಕ್ತ ಕಟ್ಟುವ ಪುಡಿ ಒತ್ತಿ, ನಾನು ಬರುವವರೆಗೆ ಕಾಯದೆ ಫೋನು ಮಾಡಿ ತಿಳಿಸಿದರು. ಮುಚ್ಚಿಡಲಿಲ್ಲ ಎಂಬ ಕಾರಣಕ್ಕೆ ಅದನ್ನು ನಾನು ದೂರಾಗಿ ಎಣಿಸುವುದಿಲ್ಲ.

ರಾತ್ರಿ ಇಟ್ಟುಕೊಳ್ಳುವ ವ್ಯವಸ್ಥೆ ಮಾತ್ರ ಇನ್ನೂ ಸುಧಾರಿಸಬೇಕು. ಜನವರಿಯ ಮೂರು ರಾತ್ರಿ ಚೆನ್ನಾಗಿಯೇ ಕಳೆದವು. ಪಟ್ಟಿಮಂಚ, ನಾವು ಕೊಟ್ಟ ಹಳೆಯ ಸೀರೆಯ ಹಾಸು, ತೂಗಿ ಕಟ್ಟಿಕೊಟ್ಟ ಆಹಾರದ ಪೊಟ್ಟಣಗಳು, ದಿನಕ್ಕೆರಡು ವಿಡಿಯೊ. ಜುಲೈಯ ಎರಡು ರಾತ್ರಿಗಳಲ್ಲಿ ಮಾತ್ರ ಫಿನಾಯಿಲ್ ಹಾಕಿ ಒರೆಸಿದ ಸಿಮೆಂಟು ನೆಲ ಒಣಗದೆ ಅವಳ ಪಾದದ ಮೆತ್ತೆಗಳು ಕೆಂಪಾಗಿದ್ದವು. ಹೇಳಿದ ಮೇಲೆ ಬೇರೆ ದ್ರಾವಣಕ್ಕೆ ಬದಲಿಸಿ, ಶುದ್ಧ ನೀರಿನಲ್ಲಿ ಎರಡನೆಯ ಸಲ ಒರೆಸುವುದನ್ನು ಶುರುಮಾಡಿದ್ದಾರೆ. ಆದರೂ ಜೋರು ಮಳೆಯ ಎರಡು ತಿಂಗಳಲ್ಲಿ ನಾನು ಇನ್ನು ಅಲ್ಲಿ ರಾತ್ರಿ ಬಿಡುವುದಿಲ್ಲ.

ದೊಡ್ಡ ನಾಯಿಯ ಪೂರ್ಣ ಸ್ನಾನಕ್ಕೆ 900 ರೂಪಾಯಿ, ಬರಿಯ ಉಗುರು ಮತ್ತು ಕಿವಿಗೆ 200, ರಾತ್ರಿಗೆ 600. ತೂಕಕ್ಕೂ ಚೀಟಿಗೂ ಹಣವಿಲ್ಲ. ಸ್ನಾನಕ್ಕೆ ಬಾರದೆ ಕೇವಲ ತೂಗಿಸಲು ಹೋದರೂ ಮುಖ ಸಿಂಡರಿಸುವುದಿಲ್ಲ, ನಾನೇ ನಾಲ್ಕು ಸಲ ಹಾಗೆ ಹೋಗಿದ್ದೇನೆ. ಪ್ರತಿ ವಾರ ಸ್ನಾನ ಮಾಡಿಸಿ ಎಂದು ಅವರು ಹೇಳುವುದಿಲ್ಲ, ಲ್ಯಾಬ್ರಡಾರ್‌ಗೆ ಐದಾರು ವಾರಕ್ಕೊಮ್ಮೆ ಸಾಕು ಎನ್ನುತ್ತಾರೆ. ಶನಿವಾರ, ಭಾನುವಾರ ಹೊರಊರಿನ ನಾಯಿಗಳ ಸಂದಣಿಯಲ್ಲಿ ಎರಡು ಗಂಟೆ ಕಾಯಬೇಕಾಗುತ್ತದೆ, ಆ ಬೊಗಳಾಟದಲ್ಲಿ ಅಂಜುವ ನಾಯಿಗಳು ನಡುಗುತ್ತವೆ. ಬುಧವಾರ ಅಥವಾ ಗುರುವಾರ ಬೆಳಿಗ್ಗೆ ಹತ್ತರೊಳಗೆ ಹೋಗುವುದು ಒಳ್ಳೆಯದು, ಲಸಿಕೆಯ ಪುಸ್ತಕವನ್ನು ಮರೆಯಬಾರದು, ಮತ್ತು ಹೊರಡುವ ಮುನ್ನ ಊಟ ಹಾಕಿದ್ದರೆ ಎಷ್ಟು ಹಾಕಿದಿರೆಂದು ತೂಕದವರಿಗೆ ಹೇಳಬೇಕು. ಅದನ್ನೂ ಅವರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ.